ಸ್ಮಾರ್ಟ್ ಮಾಪಕಗಳ ನಿಸ್ತಂತು ಮೆಶ್ ಜಾಲದಲ್ಲಿ ಬದಲಿ ಮರುಪ್ರಸಾರಕಗಳ ಪಾತ್ರ

ಮುಂಗಡ ಪಾವತಿ ವ್ಯವಸ್ಥೆಯ ವಿದ್ಯುತ್ ಮಾಪಕವನ್ನು ಹೊಂದಿರುವ ಮನೆಯೊಂದರಲ್ಲಿ ಖಾತೆಯ ಹಣ ಮುಗಿದು ಸಂಜೆಯ ವೇಳೆಗೆ ಸಂಪರ್ಕ ಕಡಿತಗೊಂಡಿತೆಂದು ಭಾವಿಸೋಣ. ಗ್ರಾಹಕರು ಕೂಡಲೇ ಮೊಬೈಲ್ ಮೂಲಕ ಹಣ ಪಾವತಿಸುತ್ತಾರೆ. ಬ್ಯಾಂಕಿನ ಖಾತೆಯಿಂದ ಮೊಬಲಗು ಕಡಿತವಾಗುತ್ತದೆ, ರಸೀದಿ ಬರುತ್ತದೆ, ಸರಬರಾಜು ಕಂಪನಿಯ ಗಣಕದಲ್ಲಿ ಜಮೆಯೂ ಆಗುತ್ತದೆ. ಆದರೆ ಮನೆಯ ದೀಪ ಮಾತ್ರ ಉರಿಯುವುದಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಎಲ್ಲವೂ ಕ್ರಮಬದ್ಧವಾಗಿದೆ; ಆದರೂ ಸಂಪರ್ಕವನ್ನು ಮರಳಿ ಕೊಡಬೇಕೆಂಬ ಆದೇಶವು ಮಾಪಕವನ್ನು ತಲುಪಿರುವುದಿಲ್ಲ. ದಾರಿಯಲ್ಲೆಲ್ಲೋ, ಬಹುಶಃ ಎರಡು ಬೀದಿಗಳಾಚೆಯ ಒಂದು ಕಂಬದ ಬಳಿ, ಆ ಆದೇಶ ಕಳೆದುಹೋಗಿರುತ್ತದೆ. ಮನೆಯಲ್ಲಿ ಆಮ್ಲಜನಕ ಪೂರೈಸುವ ಯಂತ್ರವನ್ನು ಅವಲಂಬಿಸಿರುವ ರೋಗಿಯೊಬ್ಬರಿದ್ದಲ್ಲಿ ಈ ಲೋಪವು ಕೇವಲ ತಾಂತ್ರಿಕ ಲೋಪವಾಗಿ ಉಳಿಯುವುದಿಲ್ಲ.

ಇಂತಹ ಸಂದೇಶಗಳು ತಪ್ಪದೆ ತಲುಪುವಂತೆ ಮಾಡಲು ನಿಸ್ತಂತು ಮೆಶ್ ಜಾಲಗಳಲ್ಲಿ ಬದಲಿ ಮರುಪ್ರಸಾರಕಗಳನ್ನು ಹೇಗೆ ಬಳಸಲಾಗುತ್ತದೆ, ಅವು ಎಲ್ಲಿ ನೆರವಾಗುತ್ತವೆ ಮತ್ತು ಎಲ್ಲಿ ನೆರವಾಗುವುದಿಲ್ಲ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನದಲ್ಲಿ ವಿವರಿಸಲಾಗಿದೆ.

ಮೆಶ್ ಜಾಲವೆಂದರೇನು?

ಸ್ಮಾರ್ಟ್ ಮಾಪಕದ ಸಂದೇಶವನ್ನು ಕಚೇರಿಗೆ ತಲುಪಿಸಲು ಮುಖ್ಯವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಪ್ರತಿ ಮಾಪಕದೊಳಗೂ ಮೊಬೈಲ್ ಸಿಮ್ ಇದ್ದು, ಅದು ನೇರವಾಗಿ ಮೊಬೈಲ್ ಗೋಪುರದೊಂದಿಗೆ ವ್ಯವಹರಿಸುತ್ತದೆ. ಎರಡನೆಯದರಲ್ಲಿ ಮಾಪಕಗಳು ಕಡಿಮೆ ಶಕ್ತಿಯ ರೇಡಿಯೋ ಮೂಲಕ ಪರಸ್ಪರ ಸಂಪರ್ಕ ಸಾಧಿಸಿ, ಒಂದರ ಸಂದೇಶವನ್ನು ಮತ್ತೊಂದು ಮುಂದಕ್ಕೆ ಸಾಗಿಸುತ್ತಾ, ಕೊನೆಗೆ ಬಡಾವಣೆಯ ಕಂಬ ಅಥವಾ ಪರಿವರ್ತಕದ ಬಳಿ ಅಳವಡಿಸಿರುವ ದತ್ತಾಂಶ ಸಂಗ್ರಾಹಕಕ್ಕೆ ತಲುಪಿಸುತ್ತವೆ. ಈ ಎರಡನೆಯ ವ್ಯವಸ್ಥೆಗೆ ಮೆಶ್ ಜಾಲವೆಂದು ಹೆಸರು. ಇದರಲ್ಲಿ ಪ್ರತಿ ಮಾಪಕವೂ ಗ್ರಾಹಕರ ಬಳಕೆಯನ್ನು ಅಳೆಯುವ ಸಾಧನವಾಗಿರುವುದಲ್ಲದೆ ನೆರೆಯವರ ಅಂಚೆಯಾಳೂ ಆಗಿರುತ್ತದೆ. ಹೀಗೆ ಅನ್ಯರ ಸಂದೇಶವನ್ನು ಮುಂದಕ್ಕೆ ಸಾಗಿಸುವ ಸಾಧನವನ್ನು ಮರುಪ್ರಸಾರಕವೆಂದೂ, ಮೊದಲ ಮರುಪ್ರಸಾರಕವು ವಿಫಲವಾದಾಗ ಆ ಕೆಲಸವನ್ನು ವಹಿಸಿಕೊಳ್ಳುವ ಸಾಧನವನ್ನು ಬದಲಿ ಮರುಪ್ರಸಾರಕವೆಂದೂ ಕರೆಯಲಾಗಿದೆ.

ಭಾರತದಲ್ಲಿ ಇಂತಹ ಉಪಯೋಗಕ್ಕಾಗಿ 865ರಿಂದ 867 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು; 2021ರ ನಿಯಮಗಳಲ್ಲಿ ಈ ಪಟ್ಟಿಯನ್ನು 868 ಮೆಗಾಹರ್ಟ್ಸ್‌ವರೆಗೆ ವಿಸ್ತರಿಸಲಾಯಿತು. ಪರವಾನಗಿ ಬೇಡವೆಂಬುದು ಅನುಕೂಲವೇ ಸರಿ. ಆದರೆ ಆ ತರಂಗಪಟ್ಟಿಯಲ್ಲಿ ಯಾರಿಗೂ ಪ್ರತ್ಯೇಕ ಹಕ್ಕಿಲ್ಲ, ಅನ್ಯರ ಸಾಧನಗಳಿಂದ ಅಡಚಣೆಯಾದರೆ ದೂರು ಸಲ್ಲಿಸಿ ಪರಿಹಾರ ಪಡೆಯುವ ಅವಕಾಶವೂ ಇಲ್ಲ ಎಂಬುದನ್ನು ಗಮನಿಸತಕ್ಕದ್ದು. ಪ್ರಸಾರದ ಶಕ್ತಿಗೂ ಮಿತಿಯಿದೆ. ಆದುದರಿಂದ ಸಂದೇಶವು ದೂರವನ್ನು ಒಂದೇ ನೆಗೆತದಲ್ಲಿ ಕ್ರಮಿಸದೆ ಹಲವು ಹಂತಗಳಲ್ಲಿ ಸಾಗುವುದು ಅನಿವಾರ್ಯವಾಗಿರುತ್ತದೆ.

ಕೇಂದ್ರ ಸರ್ಕಾರದ 2021ರ ಪರಿಷ್ಕೃತ ವಿತರಣಾ ವಲಯ ಯೋಜನೆಯಡಿ ದೇಶದಾದ್ಯಂತ 25 ಕೋಟಿ ಮುಂಗಡ ಪಾವತಿ ಸ್ಮಾರ್ಟ್ ಮಾಪಕಗಳನ್ನು ಅಳವಡಿಸುವ ಗುರಿಯನ್ನು ಹೊಂದಲಾಗಿತ್ತು. ಅದಕ್ಕೂ ಮುನ್ನವೇ ನಮ್ಮ ರಾಜ್ಯದಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಮೈಸೂರು ನಗರದಲ್ಲಿ 21 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನೊಳಗೊಂಡ ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತ್ತು. ಮಾಪಕಗಳ ಸಂಖ್ಯೆ ಕೋಟಿಗಳಲ್ಲಿರುವಾಗ ನೂರಕ್ಕೆ ಒಂದರಂತೆ ಸಂದೇಶ ತಪ್ಪಿದರೂ ಆ ಒಂದು ಎಷ್ಟು ಲಕ್ಷವಾಗುತ್ತದೆ ಎಂಬುದನ್ನು ಊಹಿಸಬಹುದು.

ಹಂತಗಳ ಲೆಕ್ಕ

ಒಂದು ಮಾಪಕದಿಂದ ಮುಂದಿನ ಮಾಪಕಕ್ಕೆ ಕಳುಹಿಸಿದ ನೂರು ಸಂದೇಶಗಳಲ್ಲಿ 90 ತಲುಪುತ್ತವೆ ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಇದು ಉತ್ತಮ ಫಲಿತಾಂಶವೆಂದೇ ತೋರುತ್ತದೆ. ಆದರೆ ಸಂದೇಶವು ಐದು ಹಂತಗಳನ್ನು ದಾಟಬೇಕಾದಲ್ಲಿ ಪ್ರತಿ ಹಂತದಲ್ಲಿಯೂ ಉಳಿದುದರ ಹತ್ತನೆಯ ಒಂದು ಭಾಗ ಸೋರಿಹೋಗುತ್ತದೆ. ನೂರು 90 ಆಗುತ್ತದೆ, 90 ಎಂಬುದು 81 ಆಗುತ್ತದೆ, ಮುಂದೆ ಸುಮಾರು 73, 66, ಅಂತಿಮವಾಗಿ 59. ಅಂದರೆ ನೂರರಲ್ಲಿ 41 ಸಂದೇಶಗಳು ಕಚೇರಿಯನ್ನು ಕಾಣುವುದೇ ಇಲ್ಲ. ಚಕ್ರಬಡ್ಡಿಯು ಸಾಲವನ್ನು ಬೆಳೆಸುವ ರೀತಿಯಲ್ಲಿಯೇ ಹಂತಗಳು ನಷ್ಟವನ್ನು ಬೆಳೆಸುತ್ತವೆ.

ಇದಕ್ಕೆ ಮೊದಲ ಪರಿಹಾರ ಮರುಯತ್ನ. ಸಂದೇಶ ಪಡೆದ ಸಾಧನವು ಸ್ವೀಕೃತಿಯನ್ನು ಕಳುಹಿಸಬೇಕು. ಸ್ವೀಕೃತಿ ಬಾರದಿದ್ದಲ್ಲಿ ಕಳುಹಿಸಿದ ಸಾಧನವು ಅದನ್ನೇ ಪುನಃ ಕಳುಹಿಸಬೇಕು. ಮೂರು ಸಲ ಯತ್ನಿಸಲು ಅವಕಾಶವಿದ್ದು, ಒಂದು ಯತ್ನದ ಸೋಲಿಗೂ ಮುಂದಿನದರ ಸೋಲಿಗೂ ಸಂಬಂಧವಿಲ್ಲವಾದಲ್ಲಿ, ಒಂದು ಹಂತವನ್ನು ದಾಟುವ ಸಂಭವವು ಸಾವಿರಕ್ಕೆ 999ಕ್ಕೆ ಏರುತ್ತದೆ ಮತ್ತು ಐದು ಹಂತಗಳ ನಂತರವೂ ಸಾವಿರಕ್ಕೆ 995 ಸಂದೇಶಗಳು ತಲುಪುತ್ತವೆ. ಹಾಗಿದ್ದಲ್ಲಿ ಬದಲಿ ಮರುಪ್ರಸಾರಕದ ಅವಶ್ಯಕತೆಯಾದರೂ ಏನು ಎಂಬ ಪ್ರಶ್ನೆ ಸಹಜವಾಗಿಯೇ ಉದ್ಭವಿಸುತ್ತದೆ.

ಉತ್ತರವು ಮೇಲಿನ ಲೆಕ್ಕದ "ಸಂಬಂಧವಿಲ್ಲವಾದಲ್ಲಿ" ಎಂಬ ಪದದಲ್ಲಿಯೇ ಅಡಗಿದೆ. ವಾಸ್ತವದಲ್ಲಿ ಸೋಲುಗಳಿಗೆ ಪರಸ್ಪರ ಸಂಬಂಧವಿರುತ್ತದೆ. ಎರಡು ಮಾಪಕಗಳ ನಡುವೆ ಲಾರಿಯೊಂದು ನಿಂತಿದ್ದರೆ ಮೊದಲ ಯತ್ನದ ವೇಳೆಗೂ ಅದು ಅಲ್ಲಿಯೇ ಇರುತ್ತದೆ, ಮೂರನೆಯ ಯತ್ನದ ವೇಳೆಗೂ ಅಲ್ಲಿಯೇ ಇರುತ್ತದೆ. ಖಾಲಿ ನಿವೇಶನದಲ್ಲಿ ಮೂರಂತಸ್ತಿನ ಕಟ್ಟಡ ಎದ್ದರೆ ಅದು ಎಂದೆಂದಿಗೂ ಸರಿಯುವುದಿಲ್ಲ. ಮಾಪಕವನ್ನು ಯಾರೋ ಕಬ್ಬಿಣದ ಪೆಟ್ಟಿಗೆಯೊಳಗೆ ಭದ್ರಪಡಿಸಿದರೆ ರೇಡಿಯೋ ತರಂಗಗಳ ಪಾಲಿಗೆ ಅದು ಸೆರೆಮನೆಯೇ ಸರಿ. ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ 2005ರಲ್ಲಿ ಆರಂಭಗೊಂಡ ಸಮುದಾಯ ಮೆಶ್ ಜಾಲದಲ್ಲಂತೂ ಆಂಟೆನಾಗಳಿಗೆ ಜೋತುಬೀಳುವ ಕೋತಿಗಳನ್ನೂ ವಿನ್ಯಾಸದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಇಂತಹ ಸಂದರ್ಭಗಳಲ್ಲಿ ಮರುಯತ್ನವೆಂದರೆ ಬೀಗ ಹಾಕಿದ ಬಾಗಿಲನ್ನು ಪದೇ ಪದೇ ತಟ್ಟಿದಂತೆ. ತಟ್ಟುವುದನ್ನು ಬಿಟ್ಟು ಪಕ್ಕದ ಬಾಗಿಲಿಗೆ ಹೋಗಬೇಕಾಗುತ್ತದೆ.

ಪಕ್ಕದ ಬಾಗಿಲು ತೀರಾ ಸಮೀಪದಲ್ಲಿದ್ದರೂ ಪ್ರಯೋಜನವಾಗಬಹುದು. 865 ಮೆಗಾಹರ್ಟ್ಸ್‌ನಲ್ಲಿ ಒಂದು ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಗೋಡೆಗಳಿಂದ ಪ್ರತಿಫಲಿಸಿ ಬಂದ ತರಂಗಗಳು ಒಂದೆಡೆ ಪರಸ್ಪರ ಕೂಡಿಕೊಂಡು ಬಲಗೊಂಡರೆ, ಅಲ್ಲಿಂದ ಗೇಣುದ್ದ ಸರಿದ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕಬಹುದು. ಒಂದೇ ಫಲಕದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಮಾಪಕಗಳಲ್ಲಿ ಒಂದು ಸರಾಗವಾಗಿ ಕೇಳಿಸಿಕೊಂಡು ಇನ್ನೊಂದು ಕಿವುಡಾಗಿರುವುದು ಇದೇ ಕಾರಣದಿಂದ. ಗುತ್ತಿಗೆದಾರರ ಸಿಬ್ಬಂದಿ ಇದನ್ನು ಮಾಪಕದ ದೋಷವೆಂದು ಭಾವಿಸಿ ಮಾಪಕವನ್ನೇ ಬದಲಾಯಿಸುವುದುಂಟು. ಬಹಳಷ್ಟು ಸಂದರ್ಭಗಳಲ್ಲಿ ಅದು ಅನಗತ್ಯ ವೆಚ್ಚವಾಗಿರುತ್ತದೆ.

ಬದಲಿಯ ಆಯ್ಕೆ

ಮೆಶ್ ಜಾಲದಲ್ಲಿ ಪ್ರತಿ ಮಾಪಕವೂ ಸಂಗ್ರಾಹಕದ ದಿಕ್ಕಿನಲ್ಲಿರುವ ನೆರೆಯ ಮಾಪಕವೊಂದನ್ನು ತನ್ನ ಪೋಷಕವನ್ನಾಗಿ ಆರಿಸಿಕೊಳ್ಳುತ್ತದೆ. ಇದಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಆರ್‌ಪಿಎಲ್ ಎಂಬ ಮಾರ್ಗನಿರ್ಣಯ ವಿಧಾನವನ್ನು ಅಂತರಜಾಲ ಮಾನದಂಡಗಳ ಸಂಸ್ಥೆಯಾದ ಐಇಟಿಎಫ್ 2012ರಲ್ಲಿ ಪ್ರಕಟಿಸಿತು. ಪ್ರತಿ ಸಾಧನಕ್ಕೂ ಸಂಗ್ರಾಹಕದಿಂದ ತಾನೆಷ್ಟು "ದೂರ"ದಲ್ಲಿದೆ ಎಂಬುದನ್ನು ಸೂಚಿಸುವ ಒಂದು ಶ್ರೇಣಿ ಸಂಖ್ಯೆ ಇರುತ್ತದೆ. ತನಗಿಂತ ಕಡಿಮೆ ಶ್ರೇಣಿಯ, ಅಂದರೆ ಸಂಗ್ರಾಹಕಕ್ಕೆ ಹತ್ತಿರವಿರುವ ಸಾಧನವನ್ನು ಮಾತ್ರ ಪೋಷಕವನ್ನಾಗಿಯಾಗಲೀ ಬದಲಿಯನ್ನಾಗಿಯಾಗಲೀ ಆರಿಸಿಕೊಳ್ಳಬೇಕೆಂಬುದು ಮುಖ್ಯ ನಿಯಮ. ಈ ನಿಯಮವಿಲ್ಲದಿದ್ದಲ್ಲಿ ಮಾಪಕವು ತನ್ನನ್ನೇ ಅವಲಂಬಿಸಿರುವ ಕಿರಿಯ ಮಾಪಕವನ್ನು ಬದಲಿಯೆಂದು ನಂಬಿ ಅದಕ್ಕೆ ಸಂದೇಶವನ್ನು ಒಪ್ಪಿಸಬಹುದು; ಅದು ಮತ್ತೆ ಇದಕ್ಕೇ ಹಿಂದಿರುಗಿಸಬಹುದು. ಮೇಜಿನಿಂದ ಮೇಜಿಗೆ ಸುತ್ತುತ್ತಾ ಆದೇಶ ಕಾಣದ ಕಡತದ ಸ್ಥಿತಿ ಆಗ ಸಂದೇಶಕ್ಕೂ ಬರುತ್ತದೆ.

ಅದೇ ವರ್ಷ ಪ್ರಕಟವಾದ ಪೂರಕ ಮಾನದಂಡವೊಂದರಲ್ಲಿ ಪ್ರತಿ ಸಾಧನವು ಮುಖ್ಯ ಪೋಷಕವೂ ಸೇರಿದಂತೆ ಮೂರು ಪೋಷಕಗಳ ಪಟ್ಟಿಯನ್ನು ಇಟ್ಟುಕೊಳ್ಳುವಂತೆ ಸೂಚಿಸಲಾಗಿದೆ. ಯಾವುದು ಮುಖ್ಯ, ಯಾವುದು ಬದಲಿ ಎಂಬುದನ್ನು ಒಂದು ಸಂದೇಶವನ್ನು ಯಶಸ್ವಿಯಾಗಿ ತಲುಪಿಸಲು ಸರಾಸರಿ ಎಷ್ಟು ಸಲ ಪ್ರಸಾರ ಮಾಡಬೇಕಾಯಿತು ಎಂಬ ಲೆಕ್ಕದ ಮೇಲೆ ನಿರ್ಧರಿಸಲಾಗುತ್ತದೆ. ಬದಲಿಯ ಮಾರ್ಗವು ಕೂದಲೆಳೆಯಷ್ಟು ಉತ್ತಮವೆಂದು ಕಂಡ ಮಾತ್ರಕ್ಕೆ ಅತ್ತ ಜಿಗಿಯುವಂತಿಲ್ಲ. ಸರಾಸರಿ ಒಂದೂವರೆ ಪ್ರಸಾರದಷ್ಟಾದರೂ ಉಳಿತಾಯವಾಗುವಂತಿದ್ದಲ್ಲಿ ಮಾತ್ರ ಪೋಷಕವನ್ನು ಬದಲಾಯಿಸುವಂತೆ ಅದೇ ಮಾನದಂಡವು ಸಲಹೆ ಮಾಡಿದೆ. ದಿನಕ್ಕೊಂದು ಪಕ್ಷ ಬದಲಾಯಿಸುವ ಸಾಧನಗಳಿಂದ ಜಾಲದ ಸ್ಥಿರತೆಗೆ ಧಕ್ಕೆಯಾಗುತ್ತದೆ ಎಂಬುದೇ ಇದರ ಉದ್ದೇಶ.

ಇಲ್ಲಿ ಒಂದು ಸೂಕ್ಷ್ಮವಿದೆ. ಮುಖ್ಯ ಪೋಷಕದ ಮಾರ್ಗದಲ್ಲಿ ಸಂದೇಶಗಳು ನಿತ್ಯವೂ ಸಾಗುವುದರಿಂದ ಅದರ ಗುಣಮಟ್ಟದ ಲೆಕ್ಕ ತಾನಾಗಿಯೇ ಹೊಸದಾಗಿರುತ್ತದೆ. ಬದಲಿ ಮಾರ್ಗವನ್ನು ಬಳಸುವುದೇ ಇಲ್ಲವಾದ್ದರಿಂದ ಅದರ ಬಗ್ಗೆ ಇರುವ ಮಾಹಿತಿ ತಿಂಗಳ ಹಿಂದಿನದಾಗಿರಬಹುದು. ಗೋಡೆಗೆ ತೂಗುಹಾಕಿ ಮರೆತ ಅಗ್ನಿಶಾಮಕ ಸಿಲಿಂಡರಿನಂತೆ, ಅಗತ್ಯ ಬಿದ್ದ ದಿನವೇ ಅದು ಖಾಲಿಯೆಂದು ತಿಳಿದುಬರುವ ಸಂಭವವಿರುತ್ತದೆ. ಆದುದರಿಂದ ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಪರೀಕ್ಷಾ ಸಂದೇಶವನ್ನು ಬದಲಿ ಮಾರ್ಗದ ಮೂಲಕವೂ ಕಳುಹಿಸಿ ನೋಡುವ ವ್ಯವಸ್ಥೆ ಇರಬೇಕು. ಇದಕ್ಕೆ ತಗಲುವ ಪ್ರಸಾರದ ವೆಚ್ಚ ಅಲ್ಪ. ಇದನ್ನು ಉಳಿಸಲು ಹೋಗುವುದು ಜಾಣತನವಲ್ಲ.

ಜಾಮೀನುದಾರರ ಪ್ರಶ್ನೆ

ಪ್ರತಿ ಹಂತದಲ್ಲಿಯೂ ನೂರಕ್ಕೆ 90ರಂತೆ ಯಶಸ್ವಿಯಾಗುವ ಎರಡು ಮರುಪ್ರಸಾರಕಗಳಿದ್ದಲ್ಲಿ, ಎರಡೂ ಒಟ್ಟಿಗೆ ಸೋಲುವ ಸಂಭವ ನೂರಕ್ಕೆ ಒಂದು ಮಾತ್ರ. ಮರುಯತ್ನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ಐದು ಹಂತಗಳ ಕೊನೆಯಲ್ಲಿ ನೂರಕ್ಕೆ 59ರ ಬದಲು 95 ಸಂದೇಶಗಳು ತಲುಪುತ್ತವೆ. ಆದರೆ ಈ ಲೆಕ್ಕವೂ ಎರಡರ ಸೋಲುಗಳು ಪ್ರತ್ಯೇಕವಾಗಿರುತ್ತವೆ ಎಂಬ ನಂಬಿಕೆಯ ಮೇಲೆಯೇ ನಿಂತಿದೆ. ಸಾಲ ಪಡೆದವರೂ ಜಾಮೀನು ನಿಂತವರೂ ಒಂದೇ ಅಂಗಡಿಯ ಪಾಲುದಾರರಾಗಿದ್ದಲ್ಲಿ ಅಂಗಡಿ ಮುಳುಗಿದ ದಿನ ಜಾಮೀನಿನ ಪತ್ರಕ್ಕೆ ಕಾಗದದ ಬೆಲೆಯೂ ಉಳಿಯುವುದಿಲ್ಲ. ಬದಲಿ ಮರುಪ್ರಸಾರಕಗಳ ವಿಷಯವೂ ಹಾಗೆಯೇ.

ಕಾಗದದ ಮೇಲೆ ಎರಡೆಂದು ಕಾಣುವ ಮಾರ್ಗಗಳು ವಾಸ್ತವದಲ್ಲಿ ಒಂದೇ ಆಗಿರುವ ಸಂದರ್ಭಗಳು ಹಲವು. ಎರಡೂ ಪೋಷಕ ಮಾಪಕಗಳು ಮುಂದಿನ ಹಂತದಲ್ಲಿ ಒಂದೇ ಮಾಪಕವನ್ನು ಅವಲಂಬಿಸಿರಬಹುದು. ಆಗ ಆ ಒಂದು ಮಾಪಕ ಕೆಟ್ಟರೆ ಇಡೀ ಬೀದಿಯೇ ಮೌನವಾಗುತ್ತದೆ. ಎರಡೂ ಒಂದೇ ನೆಲಮಾಳಿಗೆಯ ಫಲಕದಲ್ಲಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಒಂದೇ ಪರಿವರ್ತಕದಿಂದ ವಿದ್ಯುತ್ ಪಡೆಯುತ್ತಿರಬಹುದು. ವಿದ್ಯುತ್ ಮಾಪಕಗಳ ಜಾಲದಲ್ಲಿ ಈ ಕೊನೆಯ ಸಂದರ್ಭವು ಅಪವಾದವಲ್ಲ, ಅದೇ ಸಾಮಾನ್ಯ ಸ್ಥಿತಿ. ಆದುದರಿಂದ ಬದಲಿಯನ್ನು ಆರಿಸುವಾಗ ಸಂಕೇತದ ಬಲವನ್ನು ಮಾತ್ರ ನೋಡದೆ, ಸ್ವಲ್ಪ ದುರ್ಬಲವಾದರೂ ಬೇರೊಂದು ಪರಿವರ್ತಕದ ವ್ಯಾಪ್ತಿಗೆ ಸೇರಿದ, ಸಾಧ್ಯವಾದಲ್ಲಿ ಬೇರೊಂದು ಸಂಗ್ರಾಹಕಕ್ಕೆ ಸಂಪರ್ಕ ಹೊಂದಿದ ಸಾಧನವನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಸಂಗ್ರಾಹಕವೇ ಕೆಟ್ಟುನಿಂತಾಗ ಅದರಡಿಯ ಮಾಪಕಗಳು ನೆರೆಯ ಸಂಗ್ರಾಹಕಕ್ಕೆ ತಾವಾಗಿಯೇ ಸೇರಿಕೊಳ್ಳಲು ಅವಕಾಶವಿರಬೇಕು. ಒಂದೊಂದು ಪರಿವರ್ತಕದ ಮಾಪಕಗಳನ್ನೂ ಅದರದೇ ಸಂಗ್ರಾಹಕಕ್ಕೆ ಕಟ್ಟಿಹಾಕುವ ಪದ್ಧತಿಯು ಆಡಳಿತಕ್ಕೆ ಅನುಕೂಲವಾದರೂ ಸಂದೇಶಕ್ಕೆ ಅನುಕೂಲವಲ್ಲ.

ಎಷ್ಟು ಬದಲಿಗಳಿದ್ದರೆ ಸಾಕು? ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬ್ಯಾರನ್ ಅವರು 1964ರಲ್ಲಿಯೇ ಬಲೆಯಾಕಾರದ ಸಂಪರ್ಕ ಜಾಲಗಳ ಬಗ್ಗೆ ಅಧ್ಯಯನ ನಡೆಸಿ, ಕನಿಷ್ಠ ಅವಶ್ಯಕತೆಯ ಸುಮಾರು ಮೂರು ಪಟ್ಟು ಕೊಂಡಿಗಳಿದ್ದಲ್ಲಿ ಜಾಲವು ಭಾರೀ ಹಾನಿಯನ್ನೂ ತಾಳಿಕೊಳ್ಳಬಲ್ಲದೆಂದು ತೋರಿಸಿಕೊಟ್ಟಿದ್ದರು. ಕಾರ್ಖಾನೆಗಳ ಉಪಕರಣಗಳಿಗಾಗಿ ರೂಪುಗೊಂಡ ವೈರ್‌ಲೆಸ್‌ಹಾರ್ಟ್ ಜಾಲಗಳ ಯೋಜನಾ ಮಾರ್ಗಸೂಚಿಯಲ್ಲಿಯೂ ಪ್ರತಿ ಸಾಧನಕ್ಕೆ ಕನಿಷ್ಠ ಮೂರು ನೆರೆಯ ಸಾಧನಗಳು ವ್ಯಾಪ್ತಿಯೊಳಗಿರಬೇಕೆಂದು ಹೇಳಲಾಗಿದೆ. ಮೂರನೆಯದನ್ನು ಮೀರಿದ ನಂತರ ಪ್ರತಿ ಹೆಚ್ಚುವರಿ ಬದಲಿಯಿಂದ ಸಿಗುವ ಲಾಭವು ಶೀಘ್ರವಾಗಿ ಕುಗ್ಗುತ್ತಾ ಹೋಗುತ್ತದೆ, ಪ್ರಸಾರದ ದಟ್ಟಣೆ ಮಾತ್ರ ಹೆಚ್ಚುತ್ತದೆ.

ಕೇಳಿಸಿಕೊಂಡ ನೆರೆಯವರು

ರೇಡಿಯೋ ಪ್ರಸಾರವನ್ನು ಉದ್ದೇಶಿತ ಸಾಧನವಲ್ಲದೆ ಸುತ್ತಲಿನ ಇತರ ಸಾಧನಗಳೂ ಕೇಳಿಸಿಕೊಳ್ಳುತ್ತವೆ. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಎಕ್ಸ್ಓಆರ್ ಎಂಬ ವಿಧಾನದಲ್ಲಿ ಈ ಗುಣವನ್ನೇ ಬಳಸಿಕೊಳ್ಳಲಾಯಿತು. ಸಂದೇಶದ ಜೊತೆಯಲ್ಲಿಯೇ ಅದನ್ನು ಸಾಗಿಸಬಲ್ಲ ನೆರೆಯ ಸಾಧನಗಳ ಆದ್ಯತಾ ಪಟ್ಟಿಯನ್ನೂ ಕಳುಹಿಸಲಾಗುತ್ತದೆ. ಗುರಿಗೆ ಅತ್ಯಂತ ಹತ್ತಿರವಿದ್ದು ಸಂದೇಶವನ್ನು ಪಡೆದ ಸಾಧನವು ಮೊದಲು ಪ್ರಸಾರ ಮಾಡುತ್ತದೆ. ಉಳಿದವು ತಮ್ಮ ಸರದಿ ಬರುವವರೆಗೆ ಕಾಯ್ದು, ಮುಂದಿನವರು ಆಗಲೇ ಸಾಗಿಸಿದ್ದನ್ನು ಬಿಟ್ಟು ಉಳಿದುದನ್ನು ಮಾತ್ರ ಸಾಗಿಸುತ್ತವೆ. ಇದರಲ್ಲಿ ಸೋತ ನಂತರ ಬದಲಿಯನ್ನು ಹುಡುಕುವ ವಿಳಂಬವಿಲ್ಲ, ಏಕೆಂದರೆ ಬದಲಿಯ ಕೈಯಲ್ಲಿ ಸಂದೇಶ ಮೊದಲೇ ಇರುತ್ತದೆ. ಆದರೆ ನೆರೆಯ ಸಾಧನಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳಲಾಗದಷ್ಟು ದೂರದಲ್ಲಿದ್ದಲ್ಲಿ ಎರಡೂ ಏಕಕಾಲದಲ್ಲಿ ಪ್ರಸಾರ ಮಾಡಿ ಪರಸ್ಪರರ ಸಂದೇಶವನ್ನು ಕೆಡಿಸುವ ಅಪಾಯವಿದೆ.

ಎರಡು ಸಲ ತಲುಪಿದರೆ?

ಬದಲಿ ಮಾರ್ಗಗಳ ಸೇರ್ಪಡೆಯಿಂದ ಉಂಟಾಗುವ ಒಂದು ತೊಂದರೆಯ ಬಗ್ಗೆ ಸಾಕಷ್ಟು ಗಮನ ಹರಿಸಲಾಗುತ್ತಿಲ್ಲ. ಸಂದೇಶವು ಮುಖ್ಯ ಪೋಷಕವನ್ನು ತಲುಪಿ, ಸ್ವೀಕೃತಿ ಮಾತ್ರ ದಾರಿಯಲ್ಲಿ ಕಳೆದುಹೋಯಿತೆನ್ನಿ. ಕಳುಹಿಸಿದ ಮಾಪಕವು ಸೋಲಾಯಿತೆಂದು ತಿಳಿದು ಅದನ್ನೇ ಬದಲಿಯ ಮೂಲಕ ಕಳುಹಿಸುತ್ತದೆ. ಈಗ ಒಂದೇ ಸಂದೇಶದ ಎರಡು ಪ್ರತಿಗಳು ಎರಡು ದಾರಿಗಳಲ್ಲಿ ಸಾಗಿವೆ. ಸಂಪರ್ಕವನ್ನು ಕೊಡಬೇಕೆಂಬ ಆದೇಶ ಎರಡು ಸಲ ತಲುಪಿದರೆ ಹಾನಿಯಿಲ್ಲ. ಆದರೆ ಖಾತೆಗೆ 500 ರೂಪಾಯಿ ಜಮೆ ಮಾಡಬೇಕೆಂಬ ಸಂದೇಶ ಎರಡು ಸಲ ತಲುಪಿ ಎರಡು ಸಲವೂ ಜಾರಿಯಾದರೆ ಅದು ಒಂದೇ ರಸೀದಿಯನ್ನು ನಗದು ಪುಸ್ತಕದಲ್ಲಿ ಎರಡು ಕಡೆ ನಮೂದಿಸಿದಂತೆಯೇ ಸರಿ, ಲೆಕ್ಕಪರಿಶೋಧನೆಯಲ್ಲಿ ಅದಕ್ಕೆ ಸಮಜಾಯಿಷಿ ಇರುವುದಿಲ್ಲ.

ಇದನ್ನು ತಡೆಯಲು ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ ಇರಬೇಕು ಮತ್ತು ಮಾಪಕವು ಆ ಸಂಖ್ಯೆಯನ್ನು ನೆನಪಿಟ್ಟುಕೊಂಡು ಎರಡನೆಯ ಪ್ರತಿಯನ್ನು ತಿರಸ್ಕರಿಸಬೇಕು. ಕಡಿಮೆ ಶಕ್ತಿಯ ರೇಡಿಯೋಗಳ ಮೂಲ ಮಾನದಂಡದಲ್ಲಿರುವ ಕ್ರಮಸಂಖ್ಯೆ 0ಯಿಂದ 255ರವರೆಗೆ ಮಾತ್ರ ಹೋಗಿ ಮತ್ತೆ ಮೊದಲಿನಿಂದ ಆರಂಭವಾಗುವುದರಿಂದ, ಹಣಕ್ಕೆ ಸಂಬಂಧಿಸಿದ ಸಂದೇಶಗಳಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ. ಎಷ್ಟೇ ದೊಡ್ಡ ಸಂಖ್ಯೆಯಾದರೂ ಒಂದು ದಿನ ಮುಗಿಯುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳಲ್ಲಿ ಬಳಕೆಯಲ್ಲಿರುವ ಕೀಲಿಮಣೆಯ ಮುಂಗಡ ಪಾವತಿ ಮಾಪಕಗಳು ಉದಾಹರಣೆಯಾಗಿವೆ. ಅವುಗಳ ಟೋಕನ್ ಗುರುತಿನ ಸಂಖ್ಯೆಯು 1993ರ ಜನವರಿ 1ರಿಂದ ಕಳೆದ ನಿಮಿಷಗಳ ಎಣಿಕೆಯಾಗಿದ್ದು, 2024ರ ನವೆಂಬರ್ 24ರಂದು ಆ ಎಣಿಕೆ ಮುಗಿದುಹೋಗಲಿದ್ದುದರಿಂದ ಲಕ್ಷಾಂತರ ಮಾಪಕಗಳನ್ನು ಅದಕ್ಕೂ ಮುನ್ನ ಮರುಹೊಂದಿಸಬೇಕಾಯಿತು.

ಕೆಳಮುಖ ಸಂದೇಶ

ಮಾಪಕದ ವಾಚನಾಂಕವು ಕಚೇರಿಗೆ ಸರಿಯಾಗಿ ಬರುತ್ತಿದ್ದರೂ ಕಚೇರಿಯ ಆದೇಶವು ಮಾಪಕಕ್ಕೆ ಹೋಗದಿರುವ ವಿಚಿತ್ರ ಸ್ಥಿತಿಯೂ ಉಂಟಾಗುತ್ತದೆ. ಲೇಖನದ ಆರಂಭದಲ್ಲಿ ಹೇಳಿದ ಮನೆಯ ಪರಿಸ್ಥಿತಿಗೆ ಬಹುಶಃ ಇದೇ ಕಾರಣ. ಮೇಲ್ಮುಖವಾಗಿ ಸಾಗುವ ಸಂದೇಶಕ್ಕೆ ತನ್ನ ಪೋಷಕ ಯಾರೆಂಬುದಷ್ಟೇ ಗೊತ್ತಿದ್ದರೆ ಸಾಕು. ಕೆಳಮುಖ ಸಂದೇಶಕ್ಕಾದರೆ ಪೂರ್ತಿ ದಾರಿ ತಿಳಿದಿರಬೇಕು. ಅನೇಕ ಜಾಲಗಳಲ್ಲಿ ಸಂಗ್ರಾಹಕವೇ ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಬರೆದು ಸಂದೇಶದೊಡನೆ ಕಳುಹಿಸುತ್ತದೆ. ಮಾಪಕವು ಬದಲಿಯ ಕಡೆಗೆ ಹೊರಳಿದ ವಿಷಯ ಸಂಗ್ರಾಹಕಕ್ಕೆ ತಿಳಿಯುವವರೆಗೂ ಆದೇಶಗಳು ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತವೆ. ಆದುದರಿಂದ ಮಾಪಕವು ತನ್ನ ಮುಖ್ಯ ಪೋಷಕದ ಹೆಸರನ್ನಷ್ಟೇ ಅಲ್ಲದೆ ಬದಲಿಗಳ ಹೆಸರನ್ನೂ ಮುಂಚಿತವಾಗಿಯೇ ಸಂಗ್ರಾಹಕಕ್ಕೆ ತಿಳಿಸಿರಬೇಕು. ಆರ್‌ಪಿಎಲ್ ವಿಧಾನದಲ್ಲಿ ಇದಕ್ಕೆ ಅವಕಾಶವಿದೆ. ಜಾಲವನ್ನು ವಹಿಸಿಕೊಳ್ಳುವ ಮುನ್ನ ಆ ಅವಕಾಶವನ್ನು ವಾಸ್ತವವಾಗಿ ಬಳಸಲಾಗಿದೆಯೇ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಕೊನೆಯುಸಿರಿನ ಸಂದೇಶ

ಎಲ್ಲ ಸಂದೇಶಗಳೂ ಒಂದೇ ತೂಕದವಲ್ಲ. ಅರ್ಧ ಗಂಟೆಗೊಮ್ಮೆ ದಾಖಲಾಗುವ ಬಳಕೆಯ ವಿವರವನ್ನು ಮಾಪಕವು ತನ್ನ ಸ್ಮರಣೆಯಲ್ಲಿ ಅನೇಕ ದಿನಗಳವರೆಗೆ ಉಳಿಸಿಕೊಂಡಿರುವುದರಿಂದ ಇಂದು ತಲುಪದಿದ್ದರೆ ನಾಳೆ ತರಿಸಿಕೊಳ್ಳಬಹುದು. ಆದರೆ ವಿದ್ಯುತ್ ನಿಲುಗಡೆಯಾದಾಗ ಮಾಪಕವು ಕಳುಹಿಸುವ ಸಂದೇಶಕ್ಕೆ ಎರಡನೆಯ ಅವಕಾಶವಿಲ್ಲ. ಒಳಗಿರುವ ಸಣ್ಣ ಧಾರಕದಲ್ಲಿ ಉಳಿದಿರುವ ವಿದ್ಯುತ್ತಿನಿಂದ ಮಾಪಕವು ಅಲ್ಪಕಾಲ ಮಾತ್ರ ಜೀವಂತವಾಗಿದ್ದು, "ಇಲ್ಲಿ ವಿದ್ಯುತ್ ಹೋಗಿದೆ" ಎಂದು ತಿಳಿಸಿ ಮೌನವಾಗುತ್ತದೆ. ತಂತ್ರಜ್ಞರು ಇದನ್ನು ಕೊನೆಯುಸಿರಿನ ಸಂದೇಶವೆನ್ನುತ್ತಾರೆ.

ತೊಡಕೇನೆಂದರೆ, ಪರಿವರ್ತಕ ಕೆಟ್ಟಾಗ ಅದರಡಿಯ ನೂರಾರು ಮಾಪಕಗಳು ಒಂದೇ ಕ್ಷಣದಲ್ಲಿ ಕೂಗುತ್ತವೆ ಮತ್ತು ಆ ಕೂಗನ್ನು ಸಾಗಿಸಬೇಕಾದ ಪೋಷಕಗಳೂ ಬದಲಿಗಳೂ ಅದೇ ಹೊತ್ತಿಗೆ ಆರಿಹೋಗುತ್ತಿರುತ್ತವೆ. ಮಾಪಕಗಳನ್ನೇ ಬದಲಿಯಾಗಿ ನೆಚ್ಚಿದ ಜಾಲವು ಇಲ್ಲಿ ಕೈಕೊಡುತ್ತದೆ. ಇದಕ್ಕಾಗಿ ಆಯ್ದ ಕಂಬಗಳಲ್ಲಿ ಬ್ಯಾಟರಿಯುಳ್ಳ ಪ್ರತ್ಯೇಕ ಮರುಪ್ರಸಾರಕಗಳನ್ನು ಅಳವಡಿಸಬೇಕಾಗುತ್ತದೆ. ಸಂಗ್ರಾಹಕಕ್ಕೂ ಬ್ಯಾಟರಿ ಇರಲೇಬೇಕು. ಜೊತೆಗೆ ಪ್ರತಿ ಮಾಪಕವೂ ಕೂಗುವ ಮುನ್ನ ತನ್ನಷ್ಟಕ್ಕೆ ತಾನು ಚೀಟಿ ಎತ್ತಿದಂತೆ ಒಂದು ಕಿರು ಅವಧಿ ಕಾಯುವಂತೆ ಮಾಡಿದಲ್ಲಿ ಸಂದೇಶಗಳ ಡಿಕ್ಕಿ ಕಡಿಮೆಯಾಗುತ್ತದೆ. ಸಮಾಧಾನದ ಅಂಶವೆಂದರೆ ಎಲ್ಲ ಸಂದೇಶಗಳೂ ತಲುಪಬೇಕಾಗಿಲ್ಲ. ಒಂದೇ ಪರಿವರ್ತಕದ ನೂರು ಮಾಪಕಗಳಲ್ಲಿ ಬೇರೆ ಬೇರೆ ಫೇಸ್‌ಗಳ ಹತ್ತು ಮಾಪಕಗಳ ಕೂಗು ಕೇಳಿಸಿದರೂ ದೋಷವು ಮನೆಯೊಂದರಲ್ಲಿಲ್ಲ, ಪರಿವರ್ತಕದ ಬಳಿಯಿದೆ ಎಂದು ಊಹಿಸಿ ಲೈನ್‌ಮನ್‌ರನ್ನು ನೇರವಾಗಿ ಅಲ್ಲಿಗೇ ಕಳುಹಿಸಬಹುದು.

ಆದುದರಿಂದ ಬದಲಿಗಳ ಮೇಲಿನ ವೆಚ್ಚವನ್ನು ಎಲ್ಲೆಡೆ ಸಮನಾಗಿ ಹಂಚುವುದಕ್ಕಿಂತ, ಒಂದೇ ಪೋಷಕವನ್ನು ನೆಚ್ಚಿಕೊಂಡಿರುವ ಮಾಪಕಗಳ ಪಟ್ಟಿಯನ್ನು ಮೊದಲು ತಯಾರಿಸಿ ಅಲ್ಲಿಯೇ ಮರುಪ್ರಸಾರಕಗಳನ್ನು ಹಾಕುವುದು ಮಿತವ್ಯಯದ ಕ್ರಮ. ಬಡಾವಣೆಯ ಅಂಚಿನ ಮನೆಗಳು, ನೆಲಮಾಳಿಗೆಯ ಫಲಕಗಳು ಮತ್ತು ಒಂಟಿ ಪಂಪ್‌ಸೆಟ್ಟುಗಳು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ಪಂಪ್‌ಸೆಟ್ಟುಗಳ ನಡುವೆ ಅಂತರವು ಬಹಳವಿರುವ ಕಡೆ ಮೆಶ್ ಜಾಲವನ್ನೇ ಕೈಬಿಟ್ಟು ಮೊಬೈಲ್ ಸಿಮ್‌ನ ಮಾಪಕವನ್ನು ಬಳಸುವುದೇ ಲೇಸು.

ಅಳವಡಿಕೆ ಮುಗಿದ ನಂತರ ಪರೀಕ್ಷೆಯನ್ನು ನಡೆಸುವ ಕ್ರಮವೂ ಸರಳವಾಗಿದೆ. ಎಲ್ಲವೂ ಚಾಲನೆಯಲ್ಲಿರುವಾಗ ಬಂದ ವಾಚನಾಂಕಗಳ ಶೇಕಡಾವಾರು ಪ್ರಮಾಣವನ್ನು ನೋಡಿ ಜಾಲವನ್ನು ಅಂಗೀಕರಿಸಿದರೆ ಬದಲಿಗಳ ಪರೀಕ್ಷೆ ಆಗಿರುವುದಿಲ್ಲ. ಅತಿ ಹೆಚ್ಚು ಮಾಪಕಗಳು ಅವಲಂಬಿಸಿರುವ ಮರುಪ್ರಸಾರಕವನ್ನು ಗುರುತಿಸಿ, ಗ್ರಾಹಕರ ಸಂಪರ್ಕಕ್ಕೆ ಅಡಚಣೆಯಾಗದಂತೆ ಅದರ ರೇಡಿಯೋವನ್ನು ಮಾತ್ರ ಒಂದು ಇಡೀ ದಿನ ಸ್ಥಗಿತಗೊಳಿಸಬೇಕು. ಅಂದು ಕಚೇರಿಯಿಂದ ಕೆಳಮುಖವಾಗಿ ಪರೀಕ್ಷಾ ಆದೇಶಗಳನ್ನು ಕಳುಹಿಸಿ, ಎಷ್ಟು ಮಾಪಕಗಳಿಂದ ಎಷ್ಟು ಹೊತ್ತಿನೊಳಗೆ ಸ್ವೀಕೃತಿ ಬಂದಿತೆಂಬುದನ್ನು ದಾಖಲಿಸಬೇಕು. ಮಳೆಗಾಲದಲ್ಲಿ ಮರಗಳ ಎಲೆ ತುಂಬಿ ತೊಯ್ದಿರುವಾಗ ಇದನ್ನೇ ಮತ್ತೊಮ್ಮೆ ನಡೆಸಬೇಕು. ಬ್ಯಾಟರಿಗಳಿಗೂ ಆಯುಸ್ಸಿರುವುದರಿಂದ ಪ್ರತಿ ಮರುಪ್ರಸಾರಕದ ಬ್ಯಾಟರಿಯನ್ನು ಅಳವಡಿಸಿದ ದಿನಾಂಕವನ್ನು ಆಸ್ತಿ ವಹಿಯಲ್ಲಿ ನಮೂದಿಸಿ, ಬದಲಾವಣೆಯ ವೆಚ್ಚಕ್ಕೆ ವಾರ್ಷಿಕ ಅಂದಾಜಿನಲ್ಲಿಯೇ ಅವಕಾಶ ಕಲ್ಪಿಸತಕ್ಕದ್ದು.